ಮಲಬದ್ಧತೆಗೆ ಹಣ್ಣು: ಎಷ್ಟು ನಿಜ, ಯಾರ ಕೈಗೆ ಎಟಕುತ್ತೆ? ಕೊಳ್ಳೇಗಾಲ, ಹನೂರು, ಯಳಂದೂರಿನ ಲೆಕ್ಕ

‘ಹೊಟ್ಟೆ ಕಟ್ಕಂಡದ’ ಅಂದ್ರೆ ನಮ್ಮ ಕಡೆ ಸಿಗೋ ಸಲಹೆ ಒಂದೇ: ಹಣ್ಣು ತಿನ್ನು, ನೀರು ಕುಡಿ. ಅಜ್ಜಿ ಹೇಳೋದೂ ಅದನ್ನೇ, ಡಾಕ್ಟರ್ ಹೇಳೋದೂ ಅದನ್ನೇ, ಇನ್‌ಸ್ಟಾಗ್ರಾಮ್ ರೀಲ್ ಹೇಳೋದೂ ಅದನ್ನೇ. ಇಷ್ಟೊಂದು ಜನ ಒಪ್ಪಿರೋ ಮಾತು ಸುಳ್ಳಿರಲಾರದು ಅನ್ನಿಸುತ್ತೆ. ಸುಳ್ಳೂ ಅಲ್ಲ. ಆದರೆ ಅದು ಅರ್ಧ ಮಾತು. ಯಾವ ಹಣ್ಣು, ಎಷ್ಟು, ಯಾರಿಗೆ ಕೆಲಸ ಮಾಡುತ್ತೆ, ಯಾರಿಗೆ ಮಾಡಲ್ಲ ಅನ್ನೋದು ಉಳಿದರ್ಧದ ಮೊದಲ ಭಾಗ. ಆ ಹಣ್ಣು, ಆ ನೀರು, ಆಮೇಲೆ ಹೋಗೋಕೆ ಒಂದು ಕಕ್ಕಸು ಇವು ಮೂರೂ ಯಾರ ಮನೇಲಿವೆ ಅನ್ನೋದು ಎರಡನೇ ಭಾಗ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಪ್ರಶ್ನೆ ಕೇಳೋಕೆ ಒಳ್ಳೆ ಜಾಗ. ಕಾವೇರಿ ದಂಡೆಯ ಕೊಳ್ಳೇಗಾಲ ಮತ್ತು ಸುವರ್ಣಾವತಿ ನೀರು ಕುಡಿಯೋ ಯಳಂದೂರಿನಲ್ಲಿ ಭತ್ತ, ಕಬ್ಬು, ಬಾಳೆ. ಮೊದಲು ಕೊಳ್ಳೇಗಾಲಕ್ಕೇ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರೋ ಹನೂರಿನಲ್ಲಿ ಮಳೆ ನಂಬಿದ ಹೊಲ, ರಾಗಿ, ಜೋಳ, ಆಮೇಲೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಯಳಂದೂರಿನ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಸೋಲಿಗರ ನೆಲ. ಹಣ್ಣು ಬೆಳೆಯೋರು, ಕಾಡಲ್ಲಿ ಹಣ್ಣು ಆಯೋರು, ಸಂತೇಲಿ ಹಣ್ಣಿನ ರೇಟ್ ಕೇಳಿ ಮುಂದಕ್ಕೆ ಹೋಗೋರು ಎಲ್ಲರೂ ಒಂದು ಬಸ್ ಪ್ರಯಾಣದ ದೂರದಲ್ಲಿ ಸಿಗ್ತಾರೆ.

ಯಾವುದು ಮಲಬದ್ಧತೆ?

ದಿನಾ ಒಂದು ಸಲ ಹೋಗಲೇಬೇಕು ಅನ್ನೋ ನಿಯಮ ವೈದ್ಯಶಾಸ್ತ್ರದಲ್ಲಿಲ್ಲ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಸಹಜ ಅಂತಾನೇ ಸಾಮಾನ್ಯವಾಗಿ ಲೆಕ್ಕ. ತಜ್ಞರು ಬಳಸೋ ‘ರೋಮ್ 4’ ಮಾನದಂಡದ ಪ್ರಕಾರ ವಾರಕ್ಕೆ 3ಕ್ಕಿಂತ ಕಡಿಮೆ ಸಲ ಹೋಗೋದು, ಮುಕ್ಕಿ ಮುಕ್ಕಿ ಹೋಗಬೇಕಾಗೋದು, ಮಲ ಗಟ್ಟಿ ಉಂಡೆಯಾಗಿರೋದು, ಪೂರ್ತಿ ಹೋಗಿಲ್ಲ ಅನ್ನಿಸೋದು, ಎಲ್ಲೋ ಅಡ್ಡ ಸಿಕ್ಕಿದ ಹಾಗಾಗೋದು, ಬೆರಳಿನ ಸಹಾಯ ಬೇಕಾಗೋದು ಇವು ಲಕ್ಷಣಗಳು. ಇವುಗಳಲ್ಲಿ ಎರಡಾದರೂ ಇರಬೇಕು. ಸಮಸ್ಯೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು, ಕಳೆದ 3 ತಿಂಗಳಿಂದ ಬಿಡದೆ ಕಾಡ್ತಿರಬೇಕು. ಆಗ ಅದು ದೀರ್ಘಕಾಲದ ಮಲಬದ್ಧತೆ. ಮದುವೆ ಮನೆ ಊಟದ ಮರುದಿನದ ತೊಂದರೆಗೆ ಈ ಹೆಸರು ಬೇಡ.

ಹಣ್ಣು ಒಳಗೆ ಹೋಗಿ ಏನು ಮಾಡುತ್ತೆ?

ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರೋದು. ಮಲ ಅಲ್ಲಿ ಎಷ್ಟು ಹೊತ್ತು ಕೂತಿರುತ್ತೋ ಅಷ್ಟು ಒಣಗುತ್ತೆ. ಹಣ್ಣು ಇದನ್ನ ಮೂರು ದಾರೀಲಿ ತಡೆಯುತ್ತೆ.

ಒಂದು, ನಾರು. ಸಿಪ್ಪೆ, ತಿರುಳಿನ ಕರಗದ ನಾರು ಮಲದ ಗಾತ್ರ ಹೆಚ್ಚಿಸಿ ಕರುಳನ್ನ ಮುಂದಕ್ಕೆ ತಳ್ಳುತ್ತೆ. ಪೆಕ್ಟಿನ್‌ನಂಥ ಕರಗೋ ನಾರು ನೀರು ಹಿಡಿದಿಟ್ಟು ಮಲವನ್ನ ಮೆತ್ತಗಿಡುತ್ತೆ. ಎರಡು, ಸಾರ್ಬಿಟಾಲ್, ಫ್ರಕ್ಟೋಸ್‌ನಂಥ ಸಕ್ಕರೆಗಳು. ಇವು ಸಣ್ಣ ಕರುಳಲ್ಲಿ ಪೂರ್ತಿ ಹೀರಿಕೆಯಾಗದೆ ಕೆಳಗಿಳಿದು ತಮ್ಮ ಜೊತೆ ನೀರನ್ನೂ ಎಳ್ಕೊಂಡು ಹೋಗ್ತವೆ. ಮೂರು, ಕರುಳಿನ ಸೂಕ್ಷ್ಮಜೀವಿಗಳು. ನಾರನ್ನ ಅವು ಹುದುಗಿಸಿದಾಗ ಹುಟ್ಟೋ ಕೊಬ್ಬಿನಾಮ್ಲಗಳು ಕರುಳಿನ ಚಲನೆಗೆ ನೆರವಾಗ್ತವೆ. ಗ್ಯಾಸ್ ಹುಟ್ಟೋದೂ ಇಲ್ಲೇ.

ಹಣ್ಣಿನ ಕೆಲಸ ಬರೀ ನಾರಿನದ್ದಲ್ಲ ಅನ್ನೋದಕ್ಕೆ ಒಳ್ಳೆ ಸಾಕ್ಷಿ 2011ರ ಒಂದು ಅಮೆರಿಕನ್ ಅಧ್ಯಯನ. ಮಲಬದ್ಧತೆ ಇರೋ 40 ಜನರಿಗೆ ಮೂರು ವಾರ ದಿನಕ್ಕೆ 100 ಗ್ರಾಂ ಒಣ ಪ್ಲಮ್, ಇನ್ನು ಮೂರು ವಾರ ಇಸಬ್‌ಗೋಲ್ ಕೊಟ್ರು. ಎರಡರಲ್ಲೂ ನಾರಿನ ಪ್ರಮಾಣ ಸಮ, ದಿನಕ್ಕೆ 6 ಗ್ರಾಂ. ಗೆದ್ದಿದ್ದು ಪ್ಲಮ್. ನಾರು ಸಮ ಇದ್ದಾಗಲೂ ಹಣ್ಣು ಮುಂದೆ ಬಂತು ಅಂದ್ರೆ ಅದರ ಸಾರ್ಬಿಟಾಲ್ ಮತ್ತು ಇತರ ಅಂಶಗಳೂ ಕೆಲಸ ಮಾಡಿವೆ ಅಂತ ಅರ್ಥ.

ಕಿವಿ ಗೆದ್ದಿದ್ದು ಹೇಗೆ?

2023ರಲ್ಲಿ ನ್ಯೂಜಿಲೆಂಡ್, ಇಟಲಿ, ಜಪಾನ್‌ಗಳಲ್ಲಿ 184 ವಯಸ್ಕರ ಮೇಲೆ ನಡೆದ ಪ್ರಯೋಗ ಪ್ರಕಟವಾಯ್ತು. ದಿನಕ್ಕೆ 2 ಹಸಿರು ಕಿವಿ ಹಣ್ಣು ತಿಂದ ಮಲಬದ್ಧತೆ ರೋಗಿಗಳು ವಾರಕ್ಕೆ ಸರಾಸರಿ ಒಂದೂವರೆ ಸಲ ಹೆಚ್ಚು, ಅದೂ ಪೂರ್ತಿಯಾಗಿ, ಹೋಗೋ ಹಾಗಾಯ್ತು. ಇಸಬ್‌ಗೋಲ್‌ಗೆ ಕಡಿಮೆ ಇಲ್ಲದ ಫಲಿತಾಂಶ ಇದು. 2025ರಲ್ಲಿ ಬ್ರಿಟಿಷ್ ಆಹಾರ ತಜ್ಞರ ಸಂಘ ಮಲಬದ್ಧತೆಗೆ ಹೊಸ ಮಾರ್ಗಸೂಚಿ ತಂದಾಗ ಹೆಸರು ಹಿಡಿದು ಹೇಳಿದ ಹಣ್ಣು ಕಿವಿ. ‘ನಾರು ಜಾಸ್ತಿ ತಿನ್ನಿ’ ಅನ್ನೋ ಗೊತ್ತುಗುರಿ ಇಲ್ಲದ ಸಲಹೆಗೆ ಸಾಕಷ್ಟು ಪುರಾವೆ ಇಲ್ಲ ಅಂತಲೂ ಅದೇ ಮಾರ್ಗಸೂಚಿ ಹೇಳ್ತು.

ಇಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಕಿವಿಗೇ ಯಾಕೆ ಇಷ್ಟು ಪುರಾವೆ? ಆ 2023ರ ಪ್ರಯೋಗಕ್ಕೆ ಹಣ ಕೊಟ್ಟದ್ದು ಜೆಸ್ಪ್ರಿ, ನ್ಯೂಜಿಲೆಂಡಿನ ಕಿವಿ ಮಾರಾಟ ಕಂಪನಿ. ಹಾಗಂತ ಪ್ರಯೋಗ ಸುಳ್ಳಲ್ಲ, ಅದನ್ನ ಸರಿಯಾದ ವಿಧಾನದಲ್ಲೇ ನಡೆಸಿದ್ದಾರೆ. ಆದರೆ ಯಾವ ಹಣ್ಣನ್ನ ಪರೀಕ್ಷಿಸಬೇಕು ಅಂತ ತೀರ್ಮಾನ ಮಾಡೋದು ಹೆಚ್ಚಾಗಿ ದುಡ್ಡು. ಸೀಬೆಗೆ, ಪರಂಗಿಗೆ, ನೆಲ್ಲಿಗೆ ಅಂಥ ಕಂಪನಿ ಇಲ್ಲ. ಆದ್ದರಿಂದ ‘ಸಾಬೀತಾದ ಹಣ್ಣು’ ಅನ್ನೋ ಪಟ್ಟಿ ನೋಡಿ ಕೊಳ್ಳೇಗಾಲದಲ್ಲಿ ಕಿವಿ ಹುಡುಕೋ ಅಗತ್ಯ ಇಲ್ಲ. ಆ ಪ್ರಯೋಗಗಳು ಕಲಿಸಿದ ತತ್ವ ಇಟ್ಕೊಂಡು ನಮ್ಮ ಹಣ್ಣುಗಳನ್ನ ನೋಡಿದ್ರೆ ಸಾಕು.

ನಮ್ಮ ಸಂತೆಯ ಹಣ್ಣುಗಳು

ಸೀಬೆ: ನನ್ನ ಮೊದಲ ಓಟು ಇದಕ್ಕೆ. 100 ಗ್ರಾಂ ಸೀಬೆಯಲ್ಲಿ 5 ಗ್ರಾಂಗೂ ಹೆಚ್ಚು ನಾರಿದೆ. ಸಿಪ್ಪೆ ಸಮೇತ ತಿನ್ನಬೇಕು. ವಿಟಮಿನ್ ಸಿ ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು. ‘ಬೀಜ ಹೊಟ್ಟೇಲಿ ಕಟ್ಕೊಳ್ತದೆ’ ಅನ್ನೋ ಭಯಕ್ಕೆ ದಿನಕ್ಕೆ ಒಂದೆರಡು ಹಣ್ಣು ತಿನ್ನೋರ ವಿಷಯದಲ್ಲಿ ಆಧಾರ ಇಲ್ಲ.

ಬಾಳೆ: ಕಳಿತ ಬಾಳೆ, ಕಾಯಿ ಬಾಳೆ ಎರಡೂ ಬೇರೆ ಬೇರೆ ವಸ್ತು ಅಂತಲೇ ತಿಳಿಯಿರಿ. ಕಾಯಲ್ಲಿ ಜೀರ್ಣವಾಗದ ಪಿಷ್ಟ, ಒಗರು ಹೆಚ್ಚು. ಭೇದಿಯಾದಾಗ ಅದನ್ನ ಕೊಡೋದು ಅದಕ್ಕೇ. ಹಣ್ಣಾದಂತೆ ಪಿಷ್ಟ ಸಕ್ಕರೆಯಾಗುತ್ತೆ, ಒಗರು ಇಳಿಯುತ್ತೆ. ಹಾಗಾಗಿ ‘ಬಾಳೆ ಕಟ್ಟುತ್ತೆ’ ಅನ್ನೋರೂ ಸರಿ, ‘ಬಾಳೆ ಬಿಡಿಸುತ್ತೆ’ ಅನ್ನೋರೂ ಸರಿ. ಆದರೆ 100 ಗ್ರಾಂ ಬಾಳೆಹಣ್ಣಲ್ಲಿ ನಾರು 2 ಗ್ರಾಂ ಆಸುಪಾಸು ಅಷ್ಟೇ. ಊಟ ಆದ ಮೇಲೆ ಒಂದು ಏಲಕ್ಕಿ ಬಾಳೆ ತಿಂದು ಪವಾಡ ಕಾಯಬೇಡಿ.

ಪರಂಗಿ: ನಾರು ಸೀಬೆಗಿಂತ ಕಡಿಮೆ, ನೀರು ಹೆಚ್ಚು. ಮೆತ್ತಗಿರೋದ್ರಿಂದ ಹಲ್ಲಿಲ್ಲದ ಹಿರಿಯರಿಗೆ ಅನುಕೂಲ.

ಸಪೋಟ: ನಾರಲ್ಲಿ ಸೀಬೆಯ ಜೊತೆ ನಿಲ್ಲುತ್ತೆ. ಸಕ್ಕರೆ ಹೆಚ್ಚು, ಡಯಾಬಿಟಿಸ್ ಇರೋರು ಅಳತೆ ನೋಡ್ಕೋಬೇಕು.

ಮಾವು, ಕಲ್ಲಂಗಡಿ: ಕಲ್ಲಂಗಡಿಯಲ್ಲಿ ನಾರು 1 ಗ್ರಾಂಗೂ ಕಡಿಮೆ. ಎರಡರಲ್ಲೂ ಫ್ರಕ್ಟೋಸ್ ಇರೋದ್ರಿಂದ ಕೆಲವರಿಗೆ ಹೊಟ್ಟೆ ಸಡಿಲ, ಕೆಲವರಿಗೆ ಬರೀ ಉಬ್ಬರ.

ಪಾಪಾಸುಕಳ್ಳಿ ಹಣ್ಣು: ಒಣ ಸೀಮೆಯ ಬೇಲಿಗಳಲ್ಲಿ ಸಿಗೋ ಈ ಕೆಂಪು ಹಣ್ಣಿನ ಬೀಜ ಗಟ್ಟಿ. ಒಂದೇ ಸಲ ಬೀಜ ಸಮೇತ ಬಹಳಷ್ಟು ತಿಂದು ಗುದದ್ವಾರದ ಬಳಿ ಬೀಜ ಗಂಟುಕಟ್ಟಿದ ಪ್ರಕರಣಗಳು ಇಸ್ರೇಲಿನಂಥ ದೇಶಗಳಲ್ಲಿ ದಾಖಲಾಗಿವೆ. ಹಣ್ಣಿಂದಲೇ ಮಲಬದ್ಧತೆ ಬರೋ ಅಪರೂಪದ ಉದಾಹರಣೆ ಇದು.

ಜ್ಯೂಸ್ ಬಗ್ಗೆ ಒಂದೇ ಮಾತು: ಸೋಸಿದ ಜ್ಯೂಸಲ್ಲಿ ನಾರು ಚರಟಕ್ಕೆ ಹೋಗಿರುತ್ತೆ, ಸಕ್ಕರೆ ನಿಮಗೆ ಉಳಿದಿರುತ್ತೆ.

ಮುದ್ದೆಯ ಮುಂದೆ ಹಣ್ಣು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಅನ್ನುತ್ತೆ. ದಿನಕ್ಕೆ ಬೇಕಾದ ನಾರು ಸುಮಾರು 30 ಗ್ರಾಂ. 100 ಗ್ರಾಂ ಹಣ್ಣಿಂದ ಸಿಗೋದು 2ರಿಂದ 5 ಗ್ರಾಂ. ಉಳಿದದ್ದು?

ನಮ್ಮ ಸೀಮೇಲಿ ಅದನ್ನ ತುಂಬ್ತಿದ್ದದ್ದು ರಾಗಿ, ಅವರೆ, ಹುರುಳಿ, ಸೊಪ್ಪು. ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಅಂತ ಇಟ್ಕೊಳ್ಳಿ. ಅದು ತಟ್ಟೆಯಿಂದ ಹೋಗಿ ಅಷ್ಟೇ ಅಕ್ಕಿಯ ಅನ್ನ ಬಂದ್ರೆ 8 ಗ್ರಾಂ ನಾರು ಖೋತಾ. ಅದನ್ನ ಬಾಳೆಹಣ್ಣಲ್ಲಿ ತುಂಬಬೇಕು ಅಂದ್ರೆ ಸುಮಾರು 400 ಗ್ರಾಂ ಹಣ್ಣು ಬೇಕು. ಕೂಲಿ ಮನೆಯ ನಾಲ್ಕು ಜನಕ್ಕೆ ದಿನಾ ಒಂದೂವರೆ ಕಿಲೋ ಬಾಳೆಹಣ್ಣು ಯಾರು ತರ್ತಾರೆ?

ನಾನು ಅನ್ನಭಾಗ್ಯದ ವಿರೋಧಿ ಅಲ್ಲ. 2013ರಿಂದ ಅದು ಹಸಿವಿನ ಭಯ ಇಳಿಸಿದೆ. ಅಕ್ಕಿ ತಿನ್ನೋರನ್ನ ಸೋಮಾರಿಗಳು ಅಂತ ಹಂಗಿಸೋರ ಗುಂಪಿಗೂ ನಾನಿಲ್ಲ. ನನ್ನ ವಾದ ಇಷ್ಟೇ: ಹನೂರಿನ ಹೊಲದಲ್ಲಿ ಬೆಳೆಯೋ ರಾಗಿಯನ್ನ ಸರ್ಕಾರ ಬೆಂಬಲ ಬೆಲೆಗೆ ಕೊಂಡು ಹನೂರಿನ ರೇಷನ್ ಅಂಗಡೀಲೇ ವರ್ಷ ಪೂರ್ತಿ ಕೊಟ್ಟರೆ ‘ಹಣ್ಣು ತಿನ್ನಿ’ ಅನ್ನೋ ಭಾಷಣಕ್ಕಿಂತ ಹೆಚ್ಚು ಹೊಟ್ಟೆಗಳು ಸರಿಯಾಗ್ತವೆ.

ನೆಲ್ಲಿ, ಅಳಲೆ, ತಾರೆ: ಔಷಧಿ ಬಾಟಲಿಗೂ ಮುಂಚೆ

ಮೆಡಿಕಲ್ ಸ್ಟೋರಲ್ಲಿ ಮಲಬದ್ಧತೆಗೆ ಸಿಗೋ ತ್ರಿಫಲ ಚೂರ್ಣ ಅಂದ್ರೆ ಮೂರು ಕಾಡು ಹಣ್ಣು: ನೆಲ್ಲಿ, ಅಳಲೆ, ತಾರೆ. ಆಯುರ್ವೇದ ಬಹಳ ಕಾಲದಿಂದ ಬಳಸ್ತಿರೋ ಇದಕ್ಕೆ ಆಧುನಿಕ ಪ್ರಯೋಗಗಳ ಬೆಂಬಲ ಸಣ್ಣ ಪ್ರಮಾಣದ್ದು, ಕಿವಿಯಷ್ಟು ಗಟ್ಟಿಯಲ್ಲ. ಆದರೆ ಈ ಹಣ್ಣು ಕಾಡಿಂದ ಪೇಟೆಗೆ ಬಂದ ದಾರಿಯಲ್ಲಿ ಬಿಳಿಗಿರಿಯ ಸೋಲಿಗರಿದ್ದಾರೆ. ನೆಲ್ಲಿ, ಅಳಲೆ, ಸೀಗೆ, ಜೇನು ಇವನ್ನ ಅವರು ತಲೆಮಾರುಗಳಿಂದ ಆಯ್ದು, ನಂತರದ ವರ್ಷಗಳಲ್ಲಿ ‘ಲ್ಯಾಂಪ್ಸ್’ ಅನ್ನೋ ಆದಿವಾಸಿ ಸಹಕಾರ ಸಂಘಗಳ ಮೂಲಕ ಮಾರ್ತಿದ್ದರು.

1974ರಲ್ಲಿ ಈ ಕಾಡು ಅಭಯಾರಣ್ಯವಾಯ್ತು. 2006ರಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಆಯೋದಕ್ಕೆ ನಿಷೇಧ ಬಂತು. ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಪಾಸು ಮಾಡಿದ್ದೂ ಅದೇ ವರ್ಷ. ಹುಲಿ ಮೀಸಲು ಘೋಷಣೆಯ ಬೆನ್ನಲ್ಲೇ, 2011ರಲ್ಲಿ, ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ತು. ಹುಲಿ ಮೀಸಲು ಪ್ರದೇಶದೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶಕ್ಕೇ ಸುದ್ದಿ.

ಹಕ್ಕು ಬಂದರೂ ಮರ ಬೇಕಲ್ಲ. ಸೋಲಿಗರು ಹಿಂದೆ ಬೇಸಿಗೆ ಶುರುವಿನಲ್ಲಿ ನೆಲದ ಒಣ ಎಲೆ ಮಾತ್ರ ಸುಡೋ ‘ತರಗು ಬೆಂಕಿ’ ಹಾಕ್ತಿದ್ದರು. ಅದು ನಿಂತ ಮೇಲೆ ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು, ಕೆಳಗೆ ಲಂಟಾನ ಹಬ್ಬಿತು ಅಂತ ಅವರು ಹೇಳ್ತಾ ಬಂದಿದ್ದಾರೆ. ಅಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ಏಟ್ರೀ ಸಂಸ್ಥೆಯ ಸಂಶೋಧಕರು ಬಂದಳಿಕೆ, ಲಂಟಾನಗಳ ಹಾವಳಿಯನ್ನ ದಾಖಲಿಸಿದ್ದಾರೆ. ಹೀಗೆ ಒಂದು ಹಣ್ಣು ತಟ್ಟೆಗೆ ಬರೋದು ಅರಣ್ಯ ನೀತಿಯ ಪ್ರಶ್ನೆಯೂ ಹೌದು.

ಕಬ್ಬಿಣದ ಮಾತ್ರೆ ಮತ್ತು ಅಂಗನವಾಡಿ ತಟ್ಟೆ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಕೊಳ್ಳಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಿಗೆ ಸರ್ಕಾರ ದಿನಕ್ಕೊಂದರಂತೆ 180 ದಿನ 60 ಮಿಲಿಗ್ರಾಂ ಕಬ್ಬಿಣ ಇರೋ ಮಾತ್ರೆ ಕೊಡುತ್ತೆ. ಬಾಣಂತಿಯರಿಗೂ ಅಷ್ಟೇ ದಿನ. ಮಾತ್ರೆ ಬೇಕೇ ಬೇಕು. ಆದರೆ ಕಬ್ಬಿಣದ ಮಾತ್ರೆಯ ಅತಿ ಸಾಮಾನ್ಯ ಅಡ್ಡಪರಿಣಾಮಗಳಲ್ಲಿ ಒಂದು ಮಲಬದ್ಧತೆ. ಗರ್ಭಿಣಿಯರಿಗೆ ಹಾರ್ಮೋನು ಬದಲಾವಣೆಯಿಂದ ಕರುಳು ಮೊದಲೇ ನಿಧಾನವಾಗಿರುತ್ತೆ. ಎರಡೂ ಸೇರಿದಾಗ ಅನೇಕರು ಸದ್ದಿಲ್ಲದೆ ಮಾತ್ರೆ ನಿಲ್ಲಿಸ್ತಾರೆ. ಆಶಾ ಕಾರ್ಯಕರ್ತೆ ಕೇಳಿದ್ರೆ ‘ತಗತಾ ಇವ್ನಿ’ ಅಂತಾರೆ. ದಾಖಲೇಲಿ ಮಾತ್ರೆ ಹಂಚಿಕೆ ನೂರಕ್ಕೆ ನೂರು, ಪಟ್ಟಿಗಳು ಮಾತ್ರ ಗೂಡಲ್ಲಿ.

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡೀಲಿ ಬಿಸಿಯೂಟ ಕೊಡುತ್ತೆ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಒಳ್ಳೆಯ ಊಟ. ಆ ಪಟ್ಟೀಲಿ ಹಣ್ಣಿಲ್ಲ. ಸರ್ಕಾರಿ ಶಾಲೆಗಳಲ್ಲಂತೂ ಬಾಳೆಹಣ್ಣು ಬಂದದ್ದೇ ಮೊಟ್ಟೆ ತಿನ್ನದವರಿಗೆ ಬದಲಿಯಾಗಿ. ಮೊಟ್ಟೆಯ ಜೊತೆ ಹಣ್ಣು ಅಂತ ಯಾರೂ ಯೋಚಿಸಲಿಲ್ಲ.

ಅದೇ ತಟ್ಟೇಲಿ ಒಂದು ಸೀಬೆ ಅಥವಾ ಎರಡು ನೆಲ್ಲಿಕಾಯಿ ಇದ್ದರೆ ಒಂದೇ ಸಲಕ್ಕೆ ಎರಡು ಕೆಲಸ. ನಾರು ಮಲವನ್ನ ಮೆತ್ತಗೆ ಮಾಡುತ್ತೆ, ವಿಟಮಿನ್ ಸಿ ಸೊಪ್ಪು, ರಾಗಿ, ಕಾಳಿನ ಕಬ್ಬಿಣ ಮೈಗೆ ಹತ್ತೋ ಹಾಗೆ ಮಾಡುತ್ತೆ. ನೆಲ್ಲಿ ಯಳಂದೂರಿನ ಬೆಟ್ಟದಲ್ಲಿದೆ, ಅದನ್ನ ಆಯೋರ ಸಹಕಾರ ಸಂಘ ಇದೆ, ಅಂಗನವಾಡಿ ಊರೂರಲ್ಲಿದೆ. ಇವನ್ನ ಜೋಡಿಸೋಕೆ ಹೊಸ ಸಂಶೋಧನೆ ಬೇಕಿಲ್ಲ, ಒಂದು ಖರೀದಿ ಆದೇಶ ಸಾಕು.

ನೀರು, ಕಕ್ಕಸು, ಕೆಲಸದ ಜಾಗ

ನೀರಿಲ್ಲದೆ ನಾರು ತಿಂದ್ರೆ ಮಲ ಇನ್ನಷ್ಟು ಗಟ್ಟಿಯಾಗಬಹುದು. ಇಸಬ್‌ಗೋಲ್ ಡಬ್ಬಿ ಮೇಲೆ ‘ಸಾಕಷ್ಟು ನೀರಿನೊಂದಿಗೆ’ ಅಂತ ಬರೆದಿರೋದು ಅದಕ್ಕೇ. ಬೇಸಿಗೇಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಕಾಯೋ ಊರಲ್ಲಿ ಈ ಸಾಲಿಗೆ ಬೇರೆಯದೇ ಅರ್ಥ.

ಇನ್ನೊಂದು, ಬಂದಾಗ ಹೋಗೋಕೆ ಆಗದಿರೋದು. ಒತ್ತಡ ಬಂದಾಗ ತಡೆದ್ರೆ ಮಲ ಒಳಗೇ ಉಳಿದು ಒಣಗುತ್ತೆ. ಅದನ್ನೇ ರೂಢಿ ಮಾಡಿದ್ರೆ ಕರುಳಿನ ಸೂಚನೆಯೇ ಮಂದವಾಗುತ್ತೆ. ಬಯಲಿಗೆ ಹೋಗೋ ಹೆಣ್ಣುಮಕ್ಕಳು ಕತ್ತಲಾಗೋವರೆಗೆ ಕಾಯ್ತಾರೆ. ಕಾಯಬೇಕಾಗುತ್ತೆ ಅಂತಲೇ ನೀರು ಕಡಿಮೆ ಕುಡೀತಾರೆ. ಕಬ್ಬಿನ ಗದ್ದೆ, ಕ್ವಾರಿ, ಗಾರ್ಮೆಂಟ್ಸ್, ದೂರದ ಬಸ್ಸು ಎಲ್ಲಾ ಕಡೆ ಇದೇ ಲೆಕ್ಕ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚ ಮುಕ್ತ ಅಂತ ಘೋಷಣೆ ಆಯ್ತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 19% ಮನೆಗಳಿಗೆ ಯಾವ ಶೌಚಾಲಯವೂ ಇರಲಿಲ್ಲ. ಇಂಥ ಕಡೆ ಹಣ್ಣು ತಿನ್ನು ಅನ್ನೋದು, ಬಾಗಿಲು ಮುಚ್ಚಿ ಹೊರಗೆ ಹೋಗು ಅಂದ ಹಾಗೆ.

ಯಾರಿಗೆ ಹಣ್ಣು ಸಾಲದು?

ಕೆಲವರಲ್ಲಿ ಕರುಳೇ ನಿಧಾನ, ಕೆಲವರಲ್ಲಿ ಮಲ ವಿಸರ್ಜನೆಯ ಸ್ನಾಯುಗಳು ಸಡಿಲಾಗಬೇಕಾದಾಗ ಬಿಗಿಯಾಗ್ತವೆ. ಇವರಿಗೆ ನಾರು ಹೆಚ್ಚಿಸಿದ್ರೆ ಉಬ್ಬರ ಹೆಚ್ಚಬಹುದು. 2012ರ ಸಿಂಗಪುರದ 63 ರೋಗಿಗಳ ಸಣ್ಣ ಅಧ್ಯಯನದಲ್ಲಿ ನಾರು ಕಡಿಮೆ ಮಾಡಿದವರಿಗೇ ಹಗುರಾಯ್ತು. ಅದರಿಂದ ಎಲ್ಲರಿಗೂ ಅನ್ವಯಿಸೋ ನಿಯಮ ಹುಟ್ಟಲ್ಲ. ಆದರೆ ತಿಂಗಳುಗಟ್ಟಲೆ ಹಣ್ಣು, ಸೊಪ್ಪು ತಿಂದೂ ಸರಿಹೋಗದವರನ್ನ ‘ನೀನು ಸರಿಯಾಗಿ ತಿಂತಿಲ್ಲ’ ಅಂತ ಬೈಯೋದು ತಪ್ಪು ಅಂತ ಗೊತ್ತಾಗುತ್ತೆ.

ಥೈರಾಯ್ಡ್ ಕೊರತೆ, ಡಯಾಬಿಟಿಸ್, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೆಲವು ಬಿಪಿ ಮಾತ್ರೆ, ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲಿನ್, ಕ್ಯಾಲ್ಸಿಯಂ ಮಾತ್ರೆ ಇವೂ ಕಾರಣ ಇರಬಹುದು. ಮಾತ್ರೆಯನ್ನ ನೀವೇ ನಿಲ್ಲಿಸಬೇಡಿ, ಕೊಟ್ಟವರ ಹತ್ರ ಹೇಳಿ ಬದಲಿ ಕೇಳಿ. ಕಿಡ್ನಿ ತೊಂದರೆ ಇರೋರು ಹಣ್ಣು ಹೆಚ್ಚಿಸೋ ಮುಂಚೆ ವೈದ್ಯರನ್ನ ಕೇಳಲೇಬೇಕು, ಪೊಟ್ಯಾಸಿಯಂ ಅವರಿಗೆ ಅಪಾಯ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತಹೀನತೆ, 45–50 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಮನೇಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಹಣ್ಣಿನ ಪ್ರಯೋಗ ಮಾಡ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ವಾಂತಿ, ಹೊಟ್ಟೆ ಊತ, ಗಾಳಿಯೂ ಹೋಗದಿರೋದು ಅಂದ್ರೆ ಅದೇ ದಿನ ಹೋಗಬೇಕು.

ಉಳಿದವರಿಗೆ: ದಿನಕ್ಕೆ ಒಂದೆರಡು ಸೀಬೆ ಅಥವಾ ಒಂದು ಬಟ್ಟಲು ಪರಂಗಿ, ಸಿಪ್ಪೆ ತಿನ್ನಬಹುದಾದ್ದನ್ನ ಸಿಪ್ಪೆ ಸಮೇತ. ಒಮ್ಮೆಲೇ ಅಲ್ಲ, ವಾರ ವಾರ ಸ್ವಲ್ಪ ಹೆಚ್ಚಿಸ್ತಾ. ಒಂದು ಹೊತ್ತಾದರೂ ರಾಗಿ. ಬೆಳಿಗ್ಗೆ ತಿಂಡಿ ಆದ ಮೇಲೆ ಕರುಳು ತಾನಾಗಿ ಚುರುಕಾಗುತ್ತೆ, ಆ ಹೊತ್ತಿಗೆ ಹತ್ತು ನಿಮಿಷ ಬಿಡುವು. ನಾಲ್ಕು ವಾರ ನೋಡಿ. ಆಗಲಿಲ್ಲ ಅಂದ್ರೆ ಇಸಬ್‌ಗೋಲ್, ಅದೂ ಆಗಲಿಲ್ಲ ಅಂದ್ರೆ ವೈದ್ಯರು. ಮದ್ದು ತಗೊಳ್ಳೋದು ಸೋಲಲ್ಲ.

ಊರಿನ ಮಟ್ಟದಲ್ಲಿ ಕೇಳಬೇಕಾದ್ದು ಗ್ರಾಮಸಭೇಲಿ: ಅಂಗನವಾಡಿ ಊಟಕ್ಕೆ ಸ್ಥಳೀಯ ಹಣ್ಣು, ರೇಷನ್ನಿಗೆ ವರ್ಷವಿಡೀ ರಾಗಿ, ಕೆಲಸದ ಜಾಗದಲ್ಲಿ ನೀರಿರೋ ಕಕ್ಕಸು, ಕಾಡಂಚಿನ ಪೋಡುಗಳಲ್ಲಿ ನೆಲ್ಲಿ ಆಯೋ ಹಕ್ಕು ಕಾಗದದಾಚೆಗೂ. ಮುಂದಿನ ಸಭೆಯ ಅರ್ಜೀಲಿ ಈ ನಾಲ್ಕನ್ನ ಬರೀರಿ. ನಾಚಿಕೆ ಆಗೋದಾದ್ರೆ ‘ಮಲಬದ್ಧತೆ’ ಅನ್ನೋ ಪದ ಬಿಟ್ಟು ‘ಪೌಷ್ಟಿಕತೆ’ ಅಂತ ಬರೀರಿ. ಆದರೆ ಬರೀರಿ.